ಅಮಾವಾಸ್ಯೆಯ ಪೂಜ್ಯರು

ಮೊದಲು ಇಲಿ ಅಂದುಕೊಂಡಳು. ಪಟ್. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ, ಉಗುರು ಮುರಿದಷ್ಟು ಸಣ್ಣಗೆ, ಪಟ್. ಇಲಿಗೆ ಇಷ್ಟು ತಾಳ್ಮೆ ಇರುವುದಿಲ್ಲ. ಸುಕನ್ಯಾ ಕೌದಿಯೊಳಗಿಂದ ಒಂದು ಕಣ್ಣನ್ನಷ್ಟೇ ತೆರೆದು ನೋಡಿದಳು. ಕಿಟಕಿಯಿಂದ ಬಿದ್ದ ಬೀದಿದೀಪದ ಬೆಳಕಿನಲ್ಲಿ ಗಂಡ ಪಾಲಾಕ್ಷಯ್ಯ ಗೋಡೆಗೆ ಒರಗಿ ಕೂತು, ಬಲಗೈಯಲ್ಲಿ ಉಳಿದಿದ್ದ ಹೆಬ್ಬೆರಳು ಮತ್ತು ಕಿರುಬೆರಳಿನ ನಡುವೆ ಶೇಂಗಾಕಾಯಿ ಹಿಡಿದು ಒಡೆಯಲು ನೋಡುತ್ತಿದ್ದ. ಕಾಯಿ ಜಾರಿ ಮಡಿಲಿಗೆ ಬೀಳುತ್ತಿತ್ತು. ಹುಡುಕುತ್ತಿದ್ದ. ಮತ್ತೆ ಹಿಡಿಯುತ್ತಿದ್ದ. ಕೊಟ್ಟೂರಿನ ಶಿವಯೋಗಪ್ಪ ಸಾವ್ಕಾರರ ಮಿಲ್ಲಿನಲ್ಲಿ ದಿನಕ್ಕೆ ಒಂದು ಲಾರಿ ಶೇಂಗಾ ಸುಲಿಸುತ್ತಿದ್ದ ಮಿಷನ್ನಿನ ಒಡೆಯನಂತಿದ್ದ ಮನುಷ್ಯ ಈಗ ಒಂದು ಕಾಯಿಯ ಮುಂದೆ ಸೋಲುತ್ತಿದ್ದ. ಅವಳು ಕಣ್ಣು ಮುಚ್ಚಿದಳು. ನಿದ್ದೆ ಮಾಡುವವಳಂತೆ ಉಸಿರಾಡುವುದನ್ನು ಅವಳು ಈ ಎಂಟು ತಿಂಗಳಲ್ಲಿ ಚೆನ್ನಾಗಿ ಕಲಿತಿದ್ದಳು. ಬಿ.ಎ.ದಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ವಾರ ಬಳ್ಳಾರಿಯಲ್ಲಿ ಕಾರ್ಮಿಕ ಅಧಿಕಾರಿಗಳ ಮುಂದೆ ಮತ್ತೆ ವಿಚಾರಣೆ. ಅಲ್ಲಿ ತೀರ್ಮಾನವಾಗಬೇಕಾದದ್ದು ಒಂದೇ ಮಾತು: ಕೈ ಮಿಷನ್ನಿಗೆ ಸಿಕ್ಕ ಹೊತ್ತಿನಲ್ಲಿ ಪಾಲಾಕ್ಷಯ್ಯ ಯಾರಾಗಿದ್ದ? ಕೂಲಿಯಾಗಿದ್ದರೆ ಪರಿಹಾರ. ಗುರುವಾಗಿದ್ದರೆ ನಮಸ್ಕಾರ. ತಿಂಗಳಲ್ಲಿ ಉಳಿದ ದಿನವೆಲ್ಲ ಅವನು ಖಾಕಿ ಚಡ್ಡಿ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಟ್ಟಿನ ಧೂಳಿನಲ್ಲಿ ನಿಲ್ಲುವವನು. ಅಮಾವಾಸ್ಯೆ ದಿನ ಮಾತ್ರ ಮಿಲ್ಲು ಬಂದ್. ಅವತ್ತು ಮಿಷನ್ನಿಗೆ ಪೂಜೆ. ಬೇರೆ ಮಿಲ್ಲಿನವರು ಪೂಜೆಗೆ ಅಯ್ಯನವರನ್ನು ಹುಡುಕಿಕೊಂಡು ಹೋಗಬೇಕು. ಶಿವಯೋಗಪ್ಪ ಸಾವ್ಕಾರರಿಗೆ ಆ ಖರ್ಚಿರಲಿಲ್ಲ. ಮಿಷನ್ ನಡೆಸುವವನೇ ಜಂಗಮ. ಹಿಂದಿನ ದಿನದ ಕೂಲಿ ಮಾರನೆಯ ದಿನ ಬಿಳಿ ಪಂಚೆ ಉಟ್ಟು, ವಿಭೂತಿ ಧರಿಸಿ, ತಾನೇ ಎಣ್ಣೆ ಹಾಕಿದ ಗಾಲಿಗೆ ತಾನೇ ಬಿಲ್ವಪತ್ರೆ ಏರಿಸುತ್ತಿದ್ದ. ಸಾವ್ಕಾರರು ಅವನ ಪಾದಕ್ಕೆ ಹಣೆ ಹಚ್ಚುತ್ತಿದ್ದರು. ಅವತ್ತು ಕೂಲಿ ಇಲ್ಲ, ದಕ್ಷಿಣೆ. ದಕ್ಷಿಣೆ ಕೂಲಿಗಿಂತ ಕಡಿಮೆ ಇರುತ್ತಿತ್ತು, ಆದರೆ ವೀಳ್ಯದೆಲೆಯ ಮೇಲೆ ಇರುತ್ತಿತ್ತು. ಸಂಜೆ ಸಾವ್ಕಾರರ ಮನೆಯಿಂದ ಡಬ್ಬಿಯಲ್ಲಿ ಹೋಳಿಗೆ ಬರುತ್ತಿತ್ತು. ತಂದವರು ಬಾಗಿಲಲ್ಲೇ ನಿಂತು “ಅಮ್ಮನೋರ” ಎಂದು ಕೂಗುತ್ತಿದ್ದರು. ಆ ಕೂಗು ಪಕ್ಕದ ಮನೆಯವರಿಗೆ ಕೇಳಿಸಲಿ ಎಂದು ಸುಕನ್ಯಾ ಎರಡನೆಯ ಕೂಗಿನ ತನಕ ಕಾಯುತ್ತಿದ್ದಳು. ಇದನ್ನು ಈಗ ನೆನೆಸಿಕೊಂಡರೆ ಕತ್ತಲಲ್ಲೂ ಮುಖ ಬಿಸಿಯಾಗುತ್ತಿತ್ತು.

ಎಂಟು ತಿಂಗಳ ಹಿಂದಿನ ಆ ಅಮಾವಾಸ್ಯೆ, ಪೂಜೆಯ ಕೊನೆಗೆ ಮಿಷನ್ ಚಾಲೂ ಆಯಿತು. ಗಾಲಿಗೆ ಹಾಕಿದ್ದ ಹೂವಿನ ಹಾರ ಬೆಲ್ಟಿನ ಜೊತೆ ಒಳಗೆ ಹೋಗತೊಡಗಿತು. ದೇವರ ಹಾರ ನುಗ್ಗಾಗಬಾರದೆಂದು ಪಾಲಾಕ್ಷಯ್ಯ ಕೈ ಹಾಕಿದ. ಹಾಕಿದ್ದು ಗುರುವಿನ ಕೈಯೋ ಕೂಲಿಯ ಕೈಯೋ ಎಂದು ಮಿಷನ್ ಕೇಳಲಿಲ್ಲ. ಕೇಳಿದ್ದು ಸಾವ್ಕಾರರ ವಕೀಲರು. ಅವರ ತಕರಾರು ಅರ್ಜಿಯ ಒಂದು ಸಾಲು ಸುಕನ್ಯಾಳಿಗೆ ಬಾಯಿಪಾಠವಾಗಿತ್ತು: “ಸದರಿ ಪಾಲಾಕ್ಷಯ್ಯನವರು ಅಂದು ನಮ್ಮ ಕೂಲಿಯಾಗಿರದೆ ನಮಗೆ ಪೂಜ್ಯರಾಗಿದ್ದರು.” ಇಷ್ಟು ಮರ್ಯಾದೆಯಿಂದ ಯಾರನ್ನೂ ಬೀದಿಗೆ ತಳ್ಳಿದ್ದನ್ನು ಅವಳು ಕಂಡಿರಲಿಲ್ಲ. ಪಾಲಾಕ್ಷಯ್ಯ ಮಾತ್ರ ಆ ಸಾಲನ್ನು ಎರಡು ಸಲ ಓದಿಸಿಕೊಂಡ. “ಏನ ಅನ್ನು, ಸಾವ್ಕಾರ್ರ ಬಾಯಾಗ ಕೆಟ್ಟ ಮಾತು ಬರಂಗಿಲ್ಲ ನೋಡು” ಅಂದ.

ಅರ್ಜಿ ಹಾಕಿಸಿದ್ದು ಅವಳು. ಬರೆದದ್ದೂ ಅವಳೇ. ಅವನು ಒತ್ತಿದ್ದು ಎಡಗೈ ಹೆಬ್ಬೆಟ್ಟು. ಹತ್ತನೇ ಇಯತ್ತೆ ಪಾಸಾದವನಿಗೆ ಹೆಬ್ಬೆರಳಿಗೆ ಮಸಿ ಹಚ್ಚುವಾಗ ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಕೂಡ್ಲಿಗಿಯ ವಕೀಲ ಹಂಪೇಶ್ ಅವಳ ಬರಹ ಓದಿ ನಕ್ಕಿದ್ದ. “ಅಮ್ಮಾರ, ಇದು ಅರ್ಜಿಯೋ ಪ್ರಬಂಧನೋ? ‘ಯಂತ್ರದ ಕ್ರೂರ ದಂತಗಳಿಗೆ ಸಿಲುಕಿ’ ಅಂತ ಬರದೀರಲ್ರಿ. ಶೇಂಗಾ ಮಿಷನ್ನಿಗೆ ಹಲ್ಲು ಎಲ್ಲಿರ್ತಾವ್ರಿ?” ಹಂಪೇಶ್ ಒಳ್ಳೆಯವನು. ಅದೇ ತೊಂದರೆಯಾಗಿತ್ತು. ಗಂಡಹೆಂಡತಿ ಒಳಗೆ ಕಾಲಿಟ್ಟೊಡನೆ ಕುರ್ಚಿಯಿಂದೆದ್ದು, ಕಪ್ಪು ಕೋಟಿನಲ್ಲೇ ಬಗ್ಗಿ ಪಾಲಾಕ್ಷಯ್ಯನ ಪಾದ ಮುಟ್ಟಿದ್ದ. ಫೀಸು ಎಂದರೆ ಕಿವಿ ಮುಚ್ಚಿಕೊಂಡ. “ಜಂಗಮರ ಕಡಿಯಿಂದ ರೊಕ್ಕ ತಗಂಡ್ರ ನಮ್ಮವ್ವ ಮನಿಯಾಗ ಕರಕಂತಾಳೇನ್ರಿ ನನ್ನ? ಆಶೀರ್ವಾದ ಮಾಡ್ರಿ ಸಾಕು.” ಆಮೇಲೆ ಮನೆಗೆ ಅಡಿಗಲ್ಲು ಹಾಕಲು ದಿನ ನೋಡಿ ಕೊಡಿರೆಂದು ಕೇಳಿದ. ಪಾಲಾಕ್ಷಯ್ಯ ಅರ್ಧ ಗಂಟೆ ಪಂಚಾಂಗ ನೋಡಿದ. ಕೈಯ ವಿಚಾರ ಮಾತಾಡಲು ಬಸ್ಸಿಗೆ ಹೊತ್ತಾಗುವ ಮೊದಲಿನ ಹತ್ತು ನಿಮಿಷ ಉಳಿಯಿತು. ಫೀಸು ಕೊಡದ ಕಕ್ಷಿದಾರಳು ಬೇಗ ಮಾಡಿರೆಂದು ಯಾವ ಬಾಯಿಂದ ಹೇಳುವುದು? ರೊಕ್ಕ ಕೊಟ್ಟಿದ್ದರೆ ಬೈಯಬಹುದಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಆದರೂ ಹಂಪೇಶ್ ಹೇಳಿದ ಮಾತು ಸರಿಯಾಗಿತ್ತು. “ಪೂಜ್ಯರಿಗೆ ಪರಿಹಾರ ಕೊಡೋ ಕಾಯ್ದಿ ಇನ್ನೂ ಬಂದಿಲ್ರಿ ಅಮ್ಮಾರ. ಕೆಲಸದ ಹೊತ್ತಿನ್ಯಾಗ, ಕೆಲಸದ ಸಲುವಾಗಿ ಕೈ ಹೋಗಿರಬೇಕು. ಪೂಜಿ ಮುಗದ ಮ್ಯಾಲ ಚಾಲೂ ಮಾಡು ಅಂತ ಸಾವ್ಕಾರ್ರು ಹೇಳಿದ್ರೋ ಇಲ್ಲೋ? ಅಷ್ಟ ಸಾಬೀತಾದ್ರ ಸಾಕು, ಗೆದ್ದಂಗ.” ಅವಳು ಗಂಡನ ಮುಖ ನೋಡಿದಳು. ಅವನು ಪಂಚಾಂಗದ ಹಾಳೆ ತಿರುವುತ್ತಿದ್ದ.

ಮೊದಲ ವಿಚಾರಣೆಯಲ್ಲಿ ಏನಾಯಿತೆಂದರೆ, ಅಧಿಕಾರಿಗಳು ಅವನ ಹಣೆಯ ವಿಭೂತಿ ನೋಡಿ “ಸ್ವಾಮೇರು ಕೂಡ್ರಿ” ಎಂದು ಕುರ್ಚಿ ತರಿಸಿದರು. ಅವನಿಗಿಂತ ಮುಂಚೆ ಬಂದಿದ್ದ, ಕಾಲು ಕಳಕೊಂಡ ಗಣಿಯ ಕೂಲಿ ಕೋಲೂರಿ ನಿಂತೇ ಸಾಕ್ಷಿ ಹೇಳಿದ್ದ. ಪಾಲಾಕ್ಷಯ್ಯ ಕೂತ. ಕೂತ ರೀತಿಯಲ್ಲೇ ಕೇಸು ಅರ್ಧ ಹೋಯಿತೆಂದು ಅವಳಿಗೆ ಗೊತ್ತಾಯಿತು. ಕಾಲ ಮೇಲೆ ಕಾಲಿಲ್ಲ, ಆದರೆ ಇದ್ದಂತೆಯೇ. ಸಾವ್ಕಾರರ ವಕೀಲರು ಬಹಳ ನಯವಾಗಿ ಕೇಳಿದರು.

“ಅವತ್ತು ಶಿವಯೋಗಪ್ಪನೋರು ತಮ್ಮ ಪಾದ ಮುಟ್ಟಿದ್ರೇನ್ರಿ?”

“ಮುಟ್ಟಿದ್ರು.”

“ಬರೇ ಮುಟ್ಟಿದ್ರೋ?”

“ಹಣಿ ಹಚ್ಚಿ ನಮಸ್ಕಾರ ಮಾಡಿದ್ರು. ಯಾವಾಗ್ಲೂ ಹಂಗ ಮಾಡ್ತಾರ.” ಅವನ ದನಿ ತುಂಬಿ ಬಂದಿತ್ತು.

“ಮಿಷನ್ ಚಾಲೂ ಮಾಡ್ರಿ ಅಂತ ತಮಗ ಯಾರಾದ್ರೂ ಹೇಳಿದ್ರಾ?”

ಹಂಪೇಶ್ ಮುಂದಕ್ಕೆ ಬಗ್ಗಿದ. ಪಾಲಾಕ್ಷಯ್ಯನ ಎಡಗೈ ಒಮ್ಮೆ ಕೆನ್ನೆ ಸವರಿಕೊಂಡು ಇಳಿಯಿತು.

“ನಮಗ ಯಾರು ಹೇಳ್ತಾರ? ನಮ್ಮ ಮನಸ್ಸಿಗೆ ಬಂತು, ಮಾಡಿದ್ವಿ.”

ಹಂಪೇಶ್ ಪೆನ್ನಿನ ಟೋಪಿ ಹಾಕಿದ ಸಣ್ಣ ಶಬ್ದ ಇಡೀ ಕೋಣೆಗೆ ಕೇಳಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದಳು. ಯಾಕೆ ಹಾಗೆ ಹೇಳಿದಿರಿ? ಬಂದ್ ಇದ್ದ ದಿನ ಮಿಷನ್ ಚಾಲೂ ಮಾಡುವ ಮನಸ್ಸು ಸುಮ್ಮಸುಮ್ಮನೆ ಯಾರಿಗೆ ಬರುತ್ತದೆ? ಅವನು ಕಿಟಕಿಯ ಆಚೆ ಹೊಲ ನೋಡುತ್ತ, “ಕೋರ್ಟಿನ್ಯಾಗ ಸುಳ್ಳು ಹೇಳಬಾರದು” ಅಂದ. ಸತ್ಯದ ಬಗ್ಗೆ ಅವನು ಹೀಗೆ ಮಾತಾಡಿದಾಗಲೆಲ್ಲ ಅವಳಿಗೆ ಸಂಶಯ ಬರುತ್ತಿತ್ತು. ಆದರೆ ಯಾವುದರ ಸಂಶಯ ಎಂದು ಗೊತ್ತಿರಲಿಲ್ಲ.

ಶೇಂಗಾ ಒಡೆಯುತ್ತಿದ್ದ ರಾತ್ರಿಯ ಮಾರನೆಯ ಬೆಳಗ್ಗೆ ಅದು ಗೊತ್ತಾಯಿತು. ಪಾಲಾಕ್ಷಯ್ಯ ಇನ್ನೂ ಮಲಗಿದ್ದ. ಅವನ ಹಾಸಿಗೆಯ ಪಕ್ಕ ಒಡೆದ ಎರಡು ಕಾಯಿ, ಒಡೆಯದ ಒಂದು ಬೊಗಸೆ. ಮಿಲ್ಲಿನಲ್ಲಿ ಹೊಟ್ಟು ತುಂಬುವ ಹುಲುಗಮ್ಮ ಹಿತ್ತಲ ಬಾಗಿಲಲ್ಲಿ ಚೀಲ ಇಳಿಸಿದಳು. ಹೊಟ್ಟಿನ ಒಲೆಗೆ ಶೇಂಗಾ ಹೊಟ್ಟು ತಂದು ಹಾಕುವುದು ಅವಳ ಮೇಲುಸಂಪಾದನೆ. ಹೊಸ್ತಿಲು ದಾಟುತ್ತಿರಲಿಲ್ಲ. ದಾಟು ಎಂದು ಸುಕನ್ಯಾ ಒಂದು ಸಲ ಹೇಳಿದ್ದಳು, ಅಷ್ಟೇನೂ ಗಟ್ಟಿಯಾಗಿ ಹೇಳಿರಲಿಲ್ಲ.

“ಕೇಸು ಏನಾತ್ರಿ ಅಮ್ಮಾರ?”

“ಮುಂದಿನ ವಾರ ಐತಿ. ಗೆಲ್ಲೋದು ಕಷ್ಟ. ಮಿಷನ್ ತಾವ ಚಾಲೂ ಮಾಡಿದ್ದು ಅಂತ ಹೇಳಿ ಬಂದಾರ ಇವ್ರು.”

ಹುಲುಗಮ್ಮ ಚೀಲದ ಬಾಯಿ ಬಿಚ್ಚುತ್ತ ನಕ್ಕಳು. “ತಾವ? ಅಯ್ಯ ನಮ್ಮಪ್ಪ! ಮತ್ತ ಕಪಾಳಕ್ಕ ಬಿದ್ದದ್ದು? ಅದೂ ತಾವ ಹೊಡಕಂಡ್ರಂತಾ?”

ಹೇಳಿದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಮಾತು ಆಗಲೇ ಹಿತ್ತಲಿನ ಕಲ್ಲಿನ ಮೇಲೆ ಬಿದ್ದಾಗಿತ್ತು. ಉಳಿದದ್ದು ತಾನಾಗಿ ಬಂತು, ಏಕೆಂದರೆ ಹುಲುಗಮ್ಮನಿಗೆ ಅರ್ಧ ಹೇಳಿ ನಿಲ್ಲಿಸುವ ಅಭ್ಯಾಸವಿರಲಿಲ್ಲ. ದಾವಣಗೆರೆಗೆ ಹೋಗುವ ಲಾರಿ ಗೇಟಿನಲ್ಲಿ ನಿಂತು ಹಾರನ್ ಹೊಡೆಯುತ್ತಿತ್ತು, ನಾಕು ಚೀಲ ಕಮ್ಮಿ ಬಿದ್ದಿತ್ತು. ಸಾವ್ಕಾರರು ಚಾಲೂ ಮಾಡು ಅಂದರು. ಪಾಲಾಕ್ಷಯ್ಯ ಮಂಗಳಾರತಿ ಮಂತ್ರ ಇನ್ನೊಂದಿದೆ, ಅಮಾವಾಸ್ಯೆ ಬ್ಯಾಡ್ರಿ ಅಂದ. “‘ಮಂತ್ರ ಮನ್ಯಾಗ ಹೇಳಂತಿ, ಮಗನ’ ಅಂದು ಒಂದು ಬಾರಿಸಿದ್ರು ನೋಡ್ರಿ. ಪಾದಕ್ಕ ಹಚ್ಚಿದ ಹಣಿ ಮ್ಯಾಲಿನ ವಿಬೂತಿ ಇನ್ನಾ ಆರಿದ್ದಿಲ್ಲ. ನಾ ಬಾಗಿಲ ಹಿಂದ ಹಿಂದಿನ ದಿನ ಉಳದ ಹೊಟ್ಟು ತುಂಬಾಕ ಹತ್ತಿದ್ದೆ. ನಗಬೇಕೋ ಅಳಬೇಕೋ ತಿಳೀಲಿಲ್ರಿ.”

“ಇದನ್ನ ಬಳ್ಳಾರಿಯೊಳಗ ಬಂದು ಹೇಳ್ತಿಯೇನ?”

“ಯವ್ವ! ನನ್ನ ಹೊಟ್ಟಿ ಮ್ಯಾಲ ನಾನ ಕಲ್ಲು ಹಾಕ್ಕೊಳ್ಲಾ? ನನ್ನ ಹೆಸರು ಎಲ್ಲೂ ತರಬ್ಯಾಡ್ರಿ ಅಮ್ಮಾರ, ನಿಮ್ಮ ಪಾದಕ್ಕ ಬೀಳ್ತೀನಿ.”

“ಇಲ್ಲ, ತರೋದಿಲ್ಲ” ಎಂದಳು ಸುಕನ್ಯಾ. ಆ ಕ್ಷಣದಲ್ಲಿ ಅದು ನಿಜವೇ ಆಗಿತ್ತು.

ಮಧ್ಯಾಹ್ನ ಅವಳು ಕೂಡ್ಲಿಗಿಗೆ ಹೋಗುತ್ತೇನೆಂದು ಹೇಳಿ ಬಸ್‌ಸ್ಟ್ಯಾಂಡಿಗೆ ಹೊರಟಳು. ಹಂಪೇಶ್‌ಗೆ ಬೇಕಾದದ್ದು ಈಗ ಅವಳ ಹತ್ತಿರ ಇತ್ತು. ಮಿಲ್ಲಿನ ಒಡೆಯ ಗುರುವಿಗೆ ಹೊಡೆಯುವುದಿಲ್ಲ. ಹೊಡೆದನೆಂದರೆ ಹೊಡೆಸಿಕೊಂಡವನು ಕೂಲಿ. ಇದಕ್ಕಿಂತ ಗಟ್ಟಿ ಪುರಾವೆ ಯಾವ ಕಾಯ್ದೆಗೆ ಬೇಕು? ಆದರೆ ಹಂಪೇಶ್ ಅದನ್ನು ಬರೆಯುತ್ತಾನೆ, ಅಧಿಕಾರಿ ಓದುತ್ತಾರೆ, ಬೆರಳಚ್ಚಿನವಳು ಎರಡು ಪ್ರತಿ ತೆಗೆಯುತ್ತಾಳೆ. ಪಾಲಾಕ್ಷಯ್ಯ ಕುರ್ಚಿಯಲ್ಲಿ ಕೂತು ಕೇಳಬೇಕು. ಮೂರು ಬೆರಳು ಹೋದದ್ದನ್ನು ಅವನು ಊರಿಗೆಲ್ಲ ಬಿಚ್ಚಿ ತೋರಿಸಿದ್ದ. ಕೆನ್ನೆಯನ್ನು ಮಾತ್ರ ಎಂಟು ತಿಂಗಳು ಅವಳಿಂದಲೂ ಮುಚ್ಚಿಟ್ಟಿದ್ದ. ಬೆರಳಿಗೆ ಪರಿಹಾರ ಇದೆ, ಕೆನ್ನೆಗೆ ಇಲ್ಲವೆಂದು ಅವನಿಗೆ ಗೊತ್ತಿದ್ದಿರಬೇಕು. ಅವಳಿಗೆ ಒಮ್ಮೆಲೇ ಸಿಟ್ಟು ಬಂತು. ಸಾವ್ಕಾರರ ಮೇಲಲ್ಲ, ಗಂಡನ ಮೇಲೆ. ಆಮೇಲೆ, ಎರಡನೆಯ ಕೂಗಿಗೆ ಕಾಯುತ್ತಿದ್ದ ಅಮ್ಮನೋರ ಮೇಲೆ. ಮದುವೆಗೆ ಮುಂಚೆ ತವರೂರು ಬಾಗಳಿಯಲ್ಲಿ ಗೆಳತಿಯರು ಹುಡುಗ ಏನು ಮಾಡ್ತಾನೆ ಎಂದಾಗ “ಪೂಜೆ, ಮತ್ತೆ ಒಂದು ಮಿಲ್ಲಿನ ವ್ಯವಹಾರ” ಎಂದಿದ್ದಳು. ಆ ಮಾತಿನ ಹೊಲಿಗೆ ಎಷ್ಟು ಚೆನ್ನಾಗಿತ್ತು. ಕೂಡ್ಲಿಗಿ ಬಸ್ಸು ಬಂತು. ಜನ ಹತ್ತಿದರು. ಕಂಡಕ್ಟರ್ “ಬರ್ರಿ ಅಕ್ಕಾರ” ಅಂದ. ಅವಳ ಕಾಲುಗಳು ಶಿವಯೋಗಪ್ಪನವರ ಮನೆಯ ಕಡೆಗೆ ತಿರುಗಿದ್ದವು.

ಸಾವ್ಕಾರರ ತಾಯಿ ಗುರುಬಸಮ್ಮ ಅವಳನ್ನು ನೋಡಿ ತಂಬಿಗೆ ನೀರು ತಂದು ಕಾಲಿಗೆ ತಾನೇ ಹಾಕಿದಳು. ಕೋರ್ಟಿನಲ್ಲಿ ಎದುರುಬದುರು ನಿಂತವರ ಮನೆಯಲ್ಲೂ ಅಮ್ಮನವರ ಕಾಲು ಒಣಗಿರಬಾರದು. “ಯವ್ವ, ಮಠದಿಂದ ಸ್ವಾಮಿಗಳು ಬರೋರದಾರ, ಪಾದಪೂಜಿ ಐತಿ ನಮ್ಮನಿಯಾಗ. ನೀವೂ ಬರಬೇಕ್ರಿ ಅಮ್ಮಾರ” ಎಂದಳು ಮುದುಕಿ. ಶಿವಯೋಗಪ್ಪ ಬಂದು, ಕೈ ಮುಗಿದು, ದೂರದ ಕುರ್ಚಿಯಲ್ಲಿ ಕೂತರು. ಕಾಫಿ ಬಂತು. ಸುಕನ್ಯಾ ಮಾತುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿದಳು.

“ಮುಂದಿನ ವಾರ ನಮ್ಮ ವಕೀಲರು ಒಂದು ಸಾಕ್ಷಿ ಕರೆಸಬೇಕು ಅಂತಾರ್ರಿ. ನನಗ ಇಷ್ಟ ಇಲ್ಲ. ಅವ್ವಾರ ಕಿವಿಗೆ, ಮಠದೋರ ಕಿವಿಗೆ ಬೀಳೋ ಮಾತಲ್ಲ ಅದು.”

“ಯಾರ ಸಾಕ್ಷಿ?” ಶಿವಯೋಗಪ್ಪ ನಕ್ಕರು. “ಅವತ್ತು ಮಿಲ್ಲಿನ್ಯಾಗ ನಾನು, ಅಯ್ಯನೋರು ಇಬ್ರ ಇದ್ವಿ.”

ತಾನು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದ ಹೆಸರು ನಾಲಿಗೆಯ ತುದಿಗೆ ಬಂದು ಒಂದು ಗಳಿಗೆ ನಿಂತಿತು. ಕಾಫಿ ಲೋಟ ಕೆಳಗಿಡುವಷ್ಟು ಹೊತ್ತು.

“ಹೊಟ್ಟು ತುಂಬೋ ಹುಲುಗಮ್ಮ ಬಾಗಿಲ ಹಿಂದ ಇದ್ಲಂತ್ರಿ.”

ಶಿವಯೋಗಪ್ಪ ಬಲಗೈಯನ್ನು ಪಂಚೆಗೆ ಒರಸಿಕೊಂಡರು, ಅದರಲ್ಲಿ ಏನೋ ಅಂಟಿದಂತೆ. ಮುದುಕಿ ಮಗನ ಮುಖ, ಅಮ್ಮನವರ ಮುಖ ನೋಡಿದಳು.

“ಏನು ನೋಡ್ಯಾಳಪ್ಪ ಅಕಿ?”

“ಏನಿಲ್ಲವ್ವ. ಮಿಷನ್ ನೋಡ್ಯಾಳ.”

“ನಾನು ಬಂದಿದ್ದು ನಮ್ಮನಿಯೋರಿಗೆ ಗೊತ್ತಿಲ್ರಿ” ಎಂದು ಸುಕನ್ಯಾ ಎದ್ದಳು. ಮುದುಕಿ ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸಿದಳು. ದಾರಿಯುದ್ದಕ್ಕೂ ಸೆರಗಿನಲ್ಲಿ ಸಾವ್ಕಾರರ ಮನೆಯ ಅಕ್ಕಿ, ಬಟ್ಟಲಡಿಕೆ. ತಾನು ಬೆದರಿಸಿ ಬಂದದ್ದೋ ಬೇಡಿ ಬಂದದ್ದೋ ಎಂದು ಯೋಚಿಸುತ್ತ ನಡೆದಳು. ನ್ಯಾಯ ಕೇಳಿ ಬಂದೆ ಅನ್ನಲು ಉಡಿಯಲ್ಲಿದ್ದ ಅಕ್ಕಿ ಬಿಡುತ್ತಿರಲಿಲ್ಲ.

ಬಳ್ಳಾರಿಯಲ್ಲಿ ಸಾವ್ಕಾರರ ವಕೀಲರು ಎದ್ದು ನಿಂತು, ತಮ್ಮ ಕಕ್ಷಿದಾರರು ಆತ್ಮಸಾಕ್ಷಿಗೆ ಓಗೊಟ್ಟು ತಕರಾರು ಹಿಂತೆಗೆದುಕೊಳ್ಳುತ್ತಾರೆಂದೂ, ಅಂದು ಮಿಷನ್ ಚಾಲೂ ಮಾಡಲು ತಾವೇ ತಿಳಿಸಿದ್ದಾಗಿ ಒಪ್ಪುತ್ತಾರೆಂದೂ ಹೇಳಿದರು. ಆತ್ಮಸಾಕ್ಷಿ ಎಂಬ ಪದಕ್ಕೆ ಅಧಿಕಾರಿಗಳು ತಲೆದೂಗಿದರು. ಹಂಪೇಶ್ ಅವಳ ಕಡೆ ತಿರುಗಿ, “ನನ್ನ ಒಂದು ಪ್ರಶ್ನಿಗೆ ಗಾಬರಿಯಾದ್ರು ನೋಡ್ರಿ” ಎಂದು ಪಿಸುಗುಟ್ಟಿದ. ಯಾವ ಪ್ರಶ್ನೆ ಎಂದು ಅವಳು ಕೇಳಲಿಲ್ಲ. ಪರಿಹಾರ ಮಂಜೂರಾಯಿತು. ಹೊರಗೆ ಬೇವಿನ ಮರದ ಕೆಳಗೆ, ಎಲ್ಲರ ಎದುರು, ಶಿವಯೋಗಪ್ಪ ಬಗ್ಗಿ ಪಾಲಾಕ್ಷಯ್ಯನ ಪಾದಕ್ಕೆ ಹಣೆ ಹಚ್ಚಿದರು. ಎದ್ದು, ಜಾರಿದ ಶಲ್ಯ ಸರಿಮಾಡಿಕೊಳ್ಳಲು ಬಲಗೈ ಎತ್ತಿದರು. ಪಾಲಾಕ್ಷಯ್ಯನ ಮುಖ ಸರಕ್ಕನೆ ಪಕ್ಕಕ್ಕೆ ತಿರುಗಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋದ ಅದನ್ನು ನೋಡಿದವಳು ಅವಳೊಬ್ಬಳೇ. ಸಾವ್ಕಾರರೂ ನೋಡಿದ್ದರೋ ಏನೋ. ಅವರು ಶಲ್ಯವನ್ನು ಬಹಳ ಮೆಲ್ಲಗೆ ಹೊದ್ದರು.

“ನೋಡಿದಿ?” ಬಸ್ಸಿನಲ್ಲಿ ಪಾಲಾಕ್ಷಯ್ಯ ಹೇಳಿದ. “ನೀ ಸುಮ್ಮನ ಹೆದರಿದ್ದಿ. ನಮ್ಮ ಮ್ಯಾಲ ಎಷ್ಟು ಭಕ್ತಿ ಇಟ್ಟಾರ ಅವ್ರು.”

“ಹೌದ್ರಿ” ಎಂದಳು. ಅವನ ಭುಜ ಅವಳ ಭುಜಕ್ಕೆ ತಾಗಿತ್ತು. ಎಷ್ಟೋ ದಿನದ ಮೇಲೆ ಅವನು ಕೂತಲ್ಲೇ ನಿದ್ದೆ ಹೋದ.

ಆ ವಾರ ಹೊಟ್ಟು ಬರಲಿಲ್ಲ. ಅದರ ಮುಂದಿನ ವಾರ ಹುಲುಗಮ್ಮ ಬಂದಳು, ತಲೆಯ ಮೇಲೆ ಚೀಲವಿರಲಿಲ್ಲ. ಚೀಲವಿಲ್ಲದ ಹುಲುಗಮ್ಮ ಗಿಡ್ಡಗೆ ಕಂಡಳು.

“ಕೆಲಸದಿಂದ ತಗದ್ರು ನೋಡ್ರಿ ಅಮ್ಮಾರ. ಹದಿನಾಕು ವರ್ಷ ಅವ್ರ ಹೊಟ್ಟು ತುಂಬೇನಿ. ಯಾಕ್ರಿ ಅಂದ್ರ, ಬಾಗಿಲ ಹಿಂದ ನಿಂದ್ರೋರು ಬ್ಯಾಡ ಅಂದ್ರು. ಎಂಥಾ ಮಾತ್ರಿ ಇದು? ಹೊಟ್ಟು ಬೀಳೋದ ಬಾಗಿಲ ಹಿಂದ, ನಾನೇನು ಛಾವಣಿ ಮ್ಯಾಲ ನಿಂತು ತುಂಬಲಾ?” ತನ್ನ ಮಾತಿಗೆ ತಾನೇ ನಕ್ಕಳು, ಆಮೇಲೆ ದನಿ ತಗ್ಗಿಸಿದಳು. “ನೀವೇನೂ ಅಂದಿಲ್ಲಲ್ರಿ?”

“ಇಲ್ಲ.”

“ನನಗ ಗೊತ್ರಿ. ಸುಮ್ಮನ ಕೇಳಿದೆ.”

ಒಳಗಿಂದ ಪಾಲಾಕ್ಷಯ್ಯ ಬಂದ. ಹುಲುಗಮ್ಮ ಹೊಸ್ತಿಲಾಚೆಯಿಂದಲೇ ನೆಲಕ್ಕೆ ಹಣೆ ಹಚ್ಚಿದಳು. ಅವನು ಎರಡು ಬೆರಳಿನ ಬಲಗೈ ಎತ್ತಿ “ಒಳ್ಳೇದಾಗ್ಲಿ” ಅಂದ. ಆ ಕೈ ಈಗ ಆಶೀರ್ವಾದಕ್ಕೆ ಒಗ್ಗಿಕೊಂಡಿತ್ತು. ಹುಲುಗಮ್ಮ ಎದ್ದು, ನಿಮ್ಮ ವಕೀಲರು ಬಾಳ ಶಾಣ್ಯಾ ಅಂತಲ್ರಿ, ನನ್ನದೂ ಒಂದು ಅರ್ಜಿ ಹಾಕಸ್ರಿ ಅಂದಳು. ಅವನಿಗೆ ಕನಿಕರ ಬಂತು. ಗೆದ್ದವರಿಗೆ ಬರುವ ಕನಿಕರ.

“ಸುಕನ್ಯಾ, ಅಕಿಗೊಂದು ಅರ್ಜಿ ಬರಕೊಡು. ನಿನ್ನಂಗ ಬರಿಯೋರು ಈ ಊರಾಗ ಯಾರದಾರ? ನಾಳೆ ಹಂಪೇಶಗ ನಾನ ಒಂದು ಮಾತು ಹೇಳ್ತೀನಿ.”

ಅವಳು ಒಳಗೆ ಹೋಗಿ ಹಾಳೆ, ಪೆನ್ನು ತಂದು ಹೊಸ್ತಿಲ ಈಚೆ ಕೂತಳು. ಹುಲುಗಮ್ಮ ಆಚೆ ಕೂತಳು. ಹೆಸರು ಬರೆದಳು, ಊರು ಬರೆದಳು, ಹದಿನಾಲ್ಕು ವರ್ಷ ಎಂದು ಬರೆದಳು. ಹಂಪೇಶ್ ನಗಬಾರದೆಂದು ಕ್ರೂರ ದಂತಗಳಂಥ ಮಾತನ್ನೆಲ್ಲ ಬಿಟ್ಟಳು. ಆಮೇಲೆ ಪೆನ್ನು ನಿಂತಿತು. ಹುಲುಗಮ್ಮ ಅವಳ ಕೈಯನ್ನೇ ನೋಡುತ್ತಿದ್ದಳು, ಓದು ಬಾರದವರು ಬರೆಯುವ ಕೈಯನ್ನು ನೋಡುವ ನಂಬಿಕೆಯಿಂದ. ಹಿಂದೆ ಗಂಡ ನಿಂತಿದ್ದ, ಎಡಗೈಯಿಂದ ಕೆನ್ನೆ ಸವರಿಕೊಳ್ಳುತ್ತ. ಒಬ್ಬಳಿಗೆ ಹೇಳಿದರೆ ಇನ್ನೊಬ್ಬನಿಗೆ ಹೇಳಬೇಕಾಗುತ್ತದೆ. ಅವನಿಗೆ ಹೇಳಿದರೆ ಅವನ ಮೈಯಲ್ಲಿ ಉಳಿದದ್ದೂ ಹೋಗುತ್ತದೆ. ಎಷ್ಟು ಅನುಕೂಲವಾದ ಕಾರಣ, ಎಂದುಕೊಂಡಳು. ಗಂಡನ ಮಾನ ಎಂಬುದು ಹೆಂಡತಿಯ ಎಷ್ಟೊಂದನ್ನು ಮುಚ್ಚುತ್ತದೆ. ಇವಳಿಗೆ ಹೇಳುವುದಿಲ್ಲ, ಇವನಿಗಿಲ್ಲ, ಹಂಪೇಶ್‌ಗಿಲ್ಲ, ಯಾರಿಗೂ ಇಲ್ಲ. ಯಾವತ್ತೂ ಇಲ್ಲ.

“ಏನು ಬರದ್ರಿ ಅಮ್ಮಾರ?” ಹುಲುಗಮ್ಮ ಕೇಳಿದಳು. “ಓದ್ರಿ ಸ್ವಲ್ಪ.”

ಸುಕನ್ಯಾ ದುಂಡಗಿನ ಅಕ್ಷರದಲ್ಲಿ ಆ ಸಾಲು ಮುಗಿಸಿ, ಮಸಿ ಆರಲೆಂದು ಊದಿ, ಸ್ಪಷ್ಟವಾಗಿ ಓದಿದಳು: “ನನ್ನನ್ನು ಕೆಲಸದಿಂದ ತೆಗೆದುಹಾಕಿದ್ದಕ್ಕೆ ಕಾರಣ ಯಾರಿಗೂ ತಿಳಿದಿರುವುದಿಲ್ಲ.”